ಮೂರು ರವಿವಾರದ ಪ್ರಕಟಣೆ

ಜುಲೈ ೨, ೨೦೦೯. ಗುರುವಾರ

ಮೂರು ಸಲ ತಿಕ್ಕಿದೆ. ಮೊದಲು ಸೋಪಿನ ಪುಡಿ, ಆಮೇಲೆ ಉಪ್ಪು, ಕೊನೆಗೆ ಕುದಿಯುವ ನೀರು. ಒಂದು ಚಹಾದ ಕಪ್ಪಿಗೆ ಇಷ್ಟು. ಕಪ್ಪಿಗೇನೂ ಆಗಲಿಲ್ಲ, ನನ್ನ ಬೆರಳ ಸಂದಿ ಉರಿಯುತ್ತಿದೆ.

ಸಂಜೆ ತಮ್ಮ ವಿನೀತ ಭೋಸರಿಯ ಕಾರ್ಖಾನೆಯಿಂದ ಬಂದ. ಯಾವಾಗಿನಂತೆ ಹಿಂದೆ ಆ ಅವಧೂತ. ಇಬ್ಬರದೂ ಅಕ್ಕಪಕ್ಕದ ಲೇತು ಯಂತ್ರ. ಆರು ವರ್ಷದಿಂದ ಈ ಮನುಷ್ಯ ನಿಗಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾನೆ, ನಾನು ದಡ್ಡಿ ಅವನಿಗೆ ಶೇಂಗಾ ಚಟ್ನಿ ಬೇರೆ ಕಟ್ಟಿಕೊಡುತ್ತಿದ್ದೆ. ಟಿವಿಯಲ್ಲಿ ದೆಹಲಿ ಕೋರ್ಟಿನ ಸುದ್ದಿ ಬಂತು. ವಯಸ್ಸಿಗೆ ಬಂದ ಇಬ್ಬರು ಗಂಡಸರು ಒಪ್ಪಿ ಕೂಡಿದರೆ ಇನ್ನು ಅದು ಅಪರಾಧವಲ್ಲವಂತೆ. ಕೋರ್ಟಿಗೆ ಬೇರೆ ಕೆಲಸವಿಲ್ಲ ಎಂದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ವಿನೀತ ಅಳುತ್ತಿದ್ದಾನೆ. ಅವಧೂತ ತನ್ನ ಕರವಸ್ತ್ರ ತೆಗೆದು ಅವನ ಕಣ್ಣು ಒರೆಸಿದ. ನನ್ನ ಮುಂದೆಯೇ. ಗಂಡ ಹೆಂಡತಿಯ ಕಣ್ಣು ಒರೆಸುವ ಹಾಗೆ. ನನ್ನ ಗಂಡ ಒಂದು ದಿನವೂ ನನ್ನ ಕಣ್ಣು ಒರೆಸಿದ್ದಿಲ್ಲ, ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು.

ಹೂವಿನ ಚಿತ್ರದ ಆರು ಕಪ್ಪಿನ ಸೆಟ್ಟು ಅದು. ಅವಧೂತ ಕುಡಿದದ್ದನ್ನು ಸೀಮೆಎಣ್ಣೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಇದು ಅಂಟುವ ರೋಗವೋ ಅಲ್ಲವೋ ಯಾರನ್ನು ಕೇಳಲಿ? ಏಳನೆಯ ತರಗತಿ ಅರ್ಧಕ್ಕೆ ಬಿಟ್ಟವಳಿಗೆ ಎಷ್ಟು ತಿಳಿದೀತು? ಅವ್ವ ವಿನೀತನನ್ನು ಹೆತ್ತು ಸತ್ತಳು, ನಾನು ಪಾಟಿ ಕೆಳಗಿಟ್ಟು ಇವನನ್ನು ಎತ್ತಿಕೊಂಡೆ. ಎತ್ತಿಕೊಂಡ ರೀತಿಯಲ್ಲೇ ಏನಾದರೂ ತಪ್ಪಾಯಿತೇನೋ.

ಜುಲೈ ೫, ರವಿವಾರ

ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ಪಿಂಪರಿಯಲ್ಲಿ ಮರಾಠಿ ಸಭೆಯವರು ಆರಾಧನೆ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಹನ್ನೊಂದಕ್ಕೆ ನಮ್ಮದು. ಅವರ ಬಿಸಿಯಾದ ಬೆಂಚಿನ ಮೇಲೆ ನಾವು. ಎಂಬತ್ತು ಜನಕ್ಕೆ ಪಾಸ್ಟರ್ ಕುಶಲ ಅವರು ಮೈಕು ಹಿಡಿದು ಎಂಟು ನೂರು ಜನಕ್ಕೆ ಕೇಳುವಂತೆ ಕೂಗುತ್ತಾರೆ. ಇವತ್ತು ಗಂಡಸರು ಗಂಡಸರನ್ನು ಬಯಸಿದರೆಂದು ದೇವರು ಸೊದೋಮ ಊರು ಸುಟ್ಟ ಕಥೆ. ಬೆಂಕಿ, ಗಂಧಕ, ದೆಹಲಿ ಕೋರ್ಟು, ಮತ್ತೆ ಗಂಧಕ. ವಿನೀತ ಹಾರ್ಮೋನಿಯಮ್ಮಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ. ಎಲ್ಲಿ ಎಲ್ಲರ ಮುಂದೆ ಅಳುತ್ತಾನೋ ಎಂದು ಅವನನ್ನೇ ನೋಡುತ್ತಾ ಕೂತೆ.

ಆಮೇಲೆ ಸಭೆಯ ಕಾರ್ಯದರ್ಶಿ ಲಾಲಪ್ಪ ವಿರೋಧದ ಮನವಿ ತಂದ. ರಸ್ತೆಯ ಹೊಂಡಕ್ಕೂ ಮನವಿ, ನೀರಿನ ನಳಕ್ಕೂ ಮನವಿ. ನಿವೃತ್ತಿಯಾದ ಮೇಲೆ ಈ ಮನುಷ್ಯನಿಗೆ ಸಹಿ ಕೂಡಿಸುವುದೇ ಉದ್ಯೋಗ.

"ಇವತ್ತು ಅಪರಾಧ ಅಲ್ಲ ಅಂದ್ರು. ನಾಳೆ ಇಬ್ಬರು ಗಂಡಸ್ರು ಹಾರ ಹಿಡಕೊಂಡು ನಮ್ಮ ಪಾಸ್ಟರ ಮುಂದ ಬಂದು ನಿಂದರ್ತಾರ, ಮದುವಿ ಮಾಡ್ರಿ ಅಂತ. ಹಾಕ್ರಿ ಅವ್ವಮ್ಮ, ಸಹಿ ಹಾಕ್ರಿ."

ಹಾಕಿದೆ.

"ಏನ್ರಿ ಇದು, ಇರುವಿ ಸಾಲ ಹೊಂಟಂಗ ಬಂದದಲ್ಲ!" ಎಂದು ಲಾಲಪ್ಪ ಎಲ್ಲರಿಗೂ ತೋರಿಸಿ ನಕ್ಕ. ನಗಲಿ. ಸಹಿಯನ್ನಾದರೂ ಮಾಡಿದ್ದೇನಲ್ಲ, ಕರ್ತನು ಸಿಟ್ಟಾಗಲಾರ.

ಜುಲೈ ೮

ವಿನೀತನನ್ನು ಪಾಸ್ಟರ ಮನೆಗೆ ಕರೆದುಕೊಂಡು ಹೋದೆ. ಅವರು ಬಾಗಿಲು ಹಾಕಿ ಕೇಳಿದರು. ಇವನು ಸುಳ್ಳಾದರೂ ಹೇಳಬೇಕೋ ಬೇಡವೋ.

"ಹೌದ್ರಿ. ಆರು ವರ್ಷ ಆತು. ನನಗ ಹೆಣ್ಣಿನ ಮ್ಯಾಲೆ ಎಂದೂ ಮನಸ್ಸು ಹೋಗಿಲ್ರಿ," ಎಂದ. ಮೂವತ್ತೊಂದು ವರ್ಷದ ಗಂಡಸು, ಟೈಮ್‌ಟೇಬಲ್ ಓದಿದ ಹಾಗೆ ಹೇಳಿದ.

ಪಾಸ್ಟರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನಲವತ್ತು ನಿಮಿಷ ಪ್ರಾರ್ಥಿಸಿದರು. ನನ್ನ ಮಂಡಿ ಜುಮುಗುಟ್ಟಿತು. ಕಣ್ಣು ಬಿಟ್ಟು ಹೇಳಿದರು: "ಅವ್ವಮ್ಮ, ತಡ ಮಾಡಬ್ಯಾಡ್ರಿ. ಮದುವಿ ಆದ ಮ್ಯಾಲೆ ಎಲ್ಲಾ ಸರಿ ಹೋಗ್ತದ. ಇಂಥಾವು ನಾ ಭಾಳ ನೋಡೀನಿ. ಈ ಮಾತು ಮಾತ್ರ ಈ ನಾಕು ಗೋಡಿ ದಾಟಬಾರದು."

ಓದಿದವರು. ಅವರಿಗೆ ತಿಳಿಯದ್ದು ನನಗೆ ತಿಳಿಯುತ್ತದೆಯೇ? ಬೆಟಗೇರಿಯಲ್ಲಿ ನೀಲಿಮಾ ಎಂಬ ಹುಡುಗಿ ಇದ್ದಾಳೆ, ಬಾಲವಾಡಿ ಟೀಚರು, ತಂದೆ ಇಲ್ಲ. ಬಡವರು, ಹೆಚ್ಚು ವಿಚಾರಿಸುವವರಲ್ಲ. ಅದೇ ಒಳ್ಳೆಯದು.

ವಿನೀತ ಒಲ್ಲೆ ಎಂದ. ನಾನು ಗೋಡೆಯ ಮೇಲಿನ ಅವ್ವನ ಫೋಟೋ ತೆಗೆದು ಅವನ ಕೈಗೆ ಕೊಟ್ಟೆ. ಅಂಗಿಯ ತುದಿಯಿಂದ ಗಾಜು ಒರೆಸಿದ. ಆಮೇಲೆ ಹೂಂ ಎಂದ.

ಜುಲೈ ೧೫

ನೀಲಿಮಾಳ ಸೋದರಮಾವ ಒಪ್ಪಿದ. ಲಾಲಪ್ಪ ಕೇಳಿದ ಮೊದಲ ಪ್ರಶ್ನೆ: "ಹುಡುಗಿ ಯಾವ ಪೈಕಿರಿ? ಅಂದ್ರ, ಅವರ ಅಜ್ಜ ಕ್ರೈಸ್ತ ಆಗೂದಕ್ಕಿಂತ ಮೊದಲು?" ಕ್ರಿಸ್ತನಲ್ಲಿ ಜಾತಿ ಇಲ್ಲ ಎಂದು ಹೋದ ತಿಂಗಳು ಇದೇ ಬಾಯಿ ಸಾಕ್ಷಿ ಹೇಳಿತ್ತು. ಕ್ರಿಸ್ತನಲ್ಲಿ ಇಲ್ಲ, ಲಾಲಪ್ಪನಲ್ಲಿದೆ.

ಅವಧೂತ ಈಗ ಮನೆಗೆ ಬರುವುದಿಲ್ಲ. ರಸ್ತೆಯ ತಿರುವಿನವರೆಗೆ ಬಂದು ವಿನೀತನನ್ನು ಬಿಟ್ಟು ಹೋಗುತ್ತಾನೆ. ನೆಮ್ಮದಿ. ಚಟ್ನಿ ಹೆಚ್ಚಾಗಿ ಉಳಿದು ಮುಗ್ಗಲು ಬಂತು.

ಜುಲೈ ೨೬, ರವಿವಾರ

ಮೊದಲನೆಯ ಪ್ರಕಟಣೆ. ಮೂರು ರವಿವಾರ ಹೆಸರು ಓದಿ, ಮೂರು ಸಲವೂ ಅಡ್ಡಿ ಕೇಳಿ, ಯಾರೂ ಏಳದಿದ್ದರೆ ಮದುವೆ. ಅಲ್ಲಿ ಬೆಟಗೇರಿಯ ಸಭೆಯಲ್ಲೂ ಇದೇ ಹೊತ್ತಿಗೆ ಓದುತ್ತಾರೆ. ಆಗಸ್ಟ್ ಇಪ್ಪತ್ತಕ್ಕೆ ದಿನ ಗೊತ್ತಾಗಿದೆ.

ಪಾಸ್ಟರ್ ಚೀಟಿ ಓದಿದರು: ಇವರಿಬ್ಬರ ವಿವಾಹಕ್ಕೆ ಅಡ್ಡಿಯಾಗುವ ಕಾರಣ ಯಾರಿಗಾದರೂ ತಿಳಿದಿದ್ದರೆ ಈಗಲೇ ತಿಳಿಸಬೇಕು. ಓದಿ ಸ್ವಲ್ಪ ಹೊತ್ತು ನಿಲ್ಲಬೇಕು, ಅದು ಪದ್ಧತಿ. ನಿಂತರು. ಎಂಬತ್ತು ಜನರ ಕಡೆ ನೋಡಬೇಕಾದವರು ಫ್ಯಾನು ನೋಡುತ್ತಾ ನಿಂತರು. ಕೇಳುವವರಿಗೇ ಉತ್ತರ ಗೊತ್ತಿದ್ದರೆ ಅದು ಎಂಥ ಪ್ರಶ್ನೆ?

ಇಂಥ ಹಾಳು ಯೋಚನೆ ನನಗೆ ಯಾಕೆ ಬರುತ್ತದೋ. ನಿದ್ದೆ ಸಾಲದು, ಅದಕ್ಕೇ.

ಜುಲೈ ೩೦

ಬೆಟಗೇರಿಯಿಂದ ಪಾರ್ಸೆಲ್. ಮದುವೆಯ ಬಿಳಿ ಸೀರೆಯ ಬ್ಲೌಸು ನಾನೇ ಹೊಲಿಯುತ್ತೇನೆ ಎಂದಿದ್ದೆ, ಊರೆಲ್ಲ ನನ್ನ ಹತ್ತಿರ ಹೊಲಿಸುತ್ತದೆ. ಅಳತೆಗೆ ನೀಲಿಮಾ ಹಳೆಯ ಬ್ಲೌಸು ಕಳಿಸಿದ್ದಾಳೆ. ತೊಳೆದು ಇಸ್ತ್ರಿ ಮಾಡಿ ಕಳಿಸಿದ್ದಾಳೆ, ಪಾಪ. ಅಳತೆಯ ಬ್ಲೌಸಿಗೆ ಯಾರು ಇಸ್ತ್ರಿ ಮಾಡುತ್ತಾರೆ? ಮಡಿಕೆಯೊಳಗೆ ಚೀಟಿ.

"ಅಕ್ಕಾರ, ಎಡಗೈ ತೋಳು ಸ್ವಲ್ಪ ಉದ್ದ ಇಡ್ರಿ, ಸಣ್ಣಾಕಿದ್ದಾಗ ಸುಟ್ಟ ಕಲಿ ಅದ, ಎರಡು ಬೆರಳಷ್ಟು. ಅವರಿಗೂ ಹೇಳ್ರಿ, ಆಮೇಲೆ ಮುಚ್ಚಿಟ್ಟಳು ಅನಬಾರದು. ಅವರು ಫೋನಿನ್ಯಾಗ ಭಾಳ ಕಡಿಮಿ ಮಾತಾಡ್ತಾರ. ನಾ ಅವರಿಗೆ ಸೇರಿಲ್ಲೇನ್ರಿ?"

ಎರಡು ಬೆರಳಗಲದ ಸುಟ್ಟ ಕಲೆಯನ್ನು ಹೇಳಿಕೊಳ್ಳುತ್ತಾಳೆ ಹುಡುಗಿ.

ಅಳತೆ ತೆಗೆಯಲು ಕೂತೆ. ಟೇಪಿನ ಅಂಕಿ ಕಾಣಿಸಲಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಆಗಸ್ಟ್ ೨, ರವಿವಾರ

ಎರಡನೆಯ ಪ್ರಕಟಣೆ. ಮತ್ತೆ ಫ್ಯಾನು.

ಆಗಸ್ಟ್ ೪

ಹಂದಿಜ್ವರಕ್ಕೆ ಊರಿನಲ್ಲಿ ಒಂದು ಶಾಲೆಯ ಹುಡುಗಿ ಸತ್ತಳಂತೆ. ಇವತ್ತು ಬೆಳಿಗ್ಗೆ ವಿನೀತನಿಗೆ ಜ್ವರ. ನೂರಾಮೂರು. ಕರ್ತನೇ, ಕರ್ತನೇ.

ಪಾಸ್ಟರಿಗೆ ಫೋನ್ ಮಾಡಿದೆ. ಫೋನಿನಲ್ಲೇ ಪ್ರಾರ್ಥನೆ ಮಾಡಿ, "ಸಿಸ್ಟರ್, ಬಾಗಿಲ ಹಾಕ್ಕೊಂಡಿರ್ರಿ" ಎಂದರು. ಲಾಲಪ್ಪ ಮಾಡಿದ ಉಪಕಾರ ದೊಡ್ಡದು: ಸಭೆಯ ಎಲ್ಲರಿಗೂ ಫೋನ್ ಮಾಡಿ ಅವ್ವಮ್ಮನ ಮನೆಗೆ ಯಾರೂ ಹೋಗಬೇಡಿ ಎಂದ. ಕುಷ್ಠರೋಗಿಯನ್ನು ಮುಟ್ಟಿದ ಕರ್ತನ ಶಿಷ್ಯರು ಇವರು. ಮುಟ್ಟುವುದಿರಲಿ, ಮಿಸ್ಡ್ ಕಾಲ್ ಕೂಡ ಕೊಡಲಿಲ್ಲ.

ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದು. ಅವಧೂತ.

"ಅಕ್ಕಾ, ರಿಕ್ಷಾ ತಂದೀನಿ. ದವಾಖಾನಿಗೆ ಸಾಲು ಭಾಳ ಅದ. ಚಲಾ, ಲವಕರ್." ಅವನ ಕನ್ನಡವೆಲ್ಲ ವಿನೀತ ಕಲಿಸಿದ್ದು. ಅವಸರವಾದರೆ ಮರಾಠಿ ಬಂದುಬಿಡುತ್ತದೆ.

ನಾನು ಬಾಗಿಲಿಗೆ ಅಡ್ಡ ನಿಂತೇ ಇದ್ದೆ. ಅವನು ನನ್ನನ್ನು ದಾಟಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಕಾಯುತ್ತಿದ್ದ. ಒಳಗಿನಿಂದ ವಿನೀತ ಕೆಮ್ಮಿದ. ಸರಿದು ನಿಂತೆ.

ಆಗಸ್ಟ್ ೫

ಸರ್ಕಾರಿ ಆಸ್ಪತ್ರೆಯ ಮುಂದೆ ನಿನ್ನೆ ಸಂಜೆ ನಾಲ್ಕರವರೆಗೆ ಸಾಲು. ಮಳೆ. ಅವಧೂತ ಛತ್ರಿಯನ್ನು ವಿನೀತನ ಮೇಲೆ ಹಿಡಿದು ತಾನು ನೆನೆಯುತ್ತಾ ನಿಂತಿದ್ದ. ಕೈ ಬದಲಾಯಿಸುತ್ತಿದ್ದ, ಅಷ್ಟೇ. ನನಗೆ ಕೂರಲು ಎಲ್ಲಿಂದಲೋ ಒಂದು ರಟ್ಟಿನ ಪೆಟ್ಟಿಗೆ ತಂದ. ನಾನು ಅವನ ಜೊತೆ ಮಾತಾಡಲಿಲ್ಲ. ಮಾತಾಡುವಂಥದ್ದೇನಿದೆ?

ಇವತ್ತು ಜ್ವರ ಇಳಿದಿದೆ. ಅವಧೂತ ರಜೆ ಹಾಕಿ ಬಂದು ಗಂಜಿ ಕುಡಿಸಿದ. ಚಹಾ ಕೊಡದೆ ಹೇಗೆ ಕಳಿಸುವುದು? ಡಬ್ಬಿಯ ಹಿಂದಿನ ಕಪ್ಪು ತೆಗೆದು ಕೊಟ್ಟೆ. ಮೂಸಿ ನೋಡಿ ಮುಗುಳ್ನಕ್ಕ.

"ಅಕ್ಕಾ, ನನ್ನ ಕಪ್ಪಿಗೆ ಸೀಮೆಎಣ್ಣೆ ವಾಸನಿ ಅದ. ಬ್ಯಾರೆ ಮನಿ ಮಾಡಿ ಕೊಟ್ಟೀರೇನು ಅದಕ್ಕ?"

ವಿನೀತ ಹಾಸಿಗೆಯಿಂದ, "ಸುಮ್ನ ಕುಡಿಯೋ ಮಾರಾಯ. ಜ್ವರ ಬಂದರೂ ನಿನ್ನ ಕಾಟ ತಪ್ಪೂದಿಲ್ಲ ನನಗ" ಎಂದ. ಮೂರು ವಾರದ ಮೇಲೆ ಅವನು ಮಾತಾಡಿದ ಮೊದಲ ಉದ್ದನೆಯ ಮಾತು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವಧೂತ ಪೂರ್ತಿ ಕುಡಿದ. ಅಂಥದ್ದನ್ನು ಕುಡಿದು ಹೊಟ್ಟೆಗೆ ಏನಾದರೂ ಆದರೆ?

ಆಗಸ್ಟ್ ೭

ವರದಿ ಬಂತು, ಹಂದಿಜ್ವರ ಅಲ್ಲ. ಸುದ್ದಿ ಹಬ್ಬಿದ ಕೂಡಲೇ ಸಭೆಯವರಿಗೆಲ್ಲ ಪ್ರೀತಿ ಮರುಕಳಿಸಿ ನಾಲ್ಕು ಫೋನು. ಬಂದವಳು ಸಾಬವ್ವ ಒಬ್ಬಳೇ. ಎಂಬತ್ತರ ಮುದುಕಿ, ಮಿಶನ್ನಿನ ಕಾಲದಲ್ಲಿ ಮನೆಮನೆಗೆ ಹೋಗಿ ಕರ್ತನ ಕಥೆ ಹೇಳುತ್ತಿದ್ದವಳು. ನಾನು ಮಾಸ್ಕು ಹೊಲಿಯುತ್ತಿದ್ದೆ, ಈಗ ಅದೇ ಎಲ್ಲರಿಗೂ ಬೇಕು. ಅವಳು ದಾರ ಪೋಣಿಸಲು ಹೋಗಿ ಸೂಜಿಯನ್ನು ಕಳೆದಳು. ಹುಡುಕುತ್ತಾ ಕೇಳಿಬಿಟ್ಟೆ. ಇಪ್ಪತ್ಮೂರು ವರ್ಷದಿಂದ ಗಂಟಲಲ್ಲಿದ್ದದ್ದು.

"ಸಾಬವ್ವ, ನನ್ನ ಮದುವಿ ಪ್ರಕಟಣಿ ಓದಿದಾಗ ನೀ ಇದ್ದಿ. ನನ್ನ ಗಂಡಗ ಮಿರಜಿನ್ಯಾಗ ಹೆಂಗಸು, ಮಗಳು ಇದ್ದದ್ದು ನಿಮಗ ಯಾರಿಗರೆ ಗೊತ್ತಿತ್ತೇನು?"

ಅವಳು ಹಾಸಿಗೆಯ ಅಂಚನ್ನು ಸವರುತ್ತಲೇ ಇದ್ದಳು.

"ಎಲ್ಲಾರಿಗೂ ಗೊತ್ತಿತ್ತ ತಂಗಿ. ಆಗಿನ ಪಾಸ್ಟರಿಗೂ ಗೊತ್ತಿತ್ತು. ಮದುವಿ ಆದ ಮ್ಯಾಲೆ ಎಲ್ಲಾ ಸರಿ ಹೋಗ್ತದ ಅಂದ್ರು."

ನನಗೆ ಆಗ ಇಪ್ಪತ್ತು ವರ್ಷ. ಎಂಟು ತಿಂಗಳಿಗೆ ಅವನು ಮಿರಜಿಗೆ ಹೋದ, ನಾನು ಎಂಟು ವರ್ಷದ ವಿನೀತನನ್ನು ಕಟ್ಟಿಕೊಂಡು ಮಶೀನಿನ ಮುಂದೆ ಕೂತೆ. ಮೂರು ರವಿವಾರ ಕೇಳಿದ್ದರು. ಇಡೀ ಸಭೆ ಬೆಂಚಿಗೆ ಅಂಟಿಕೊಂಡು ಕೂತಿತ್ತು. ಆಮೇಲೆ ಅದೇ ಜನ ಬಂದು, ಕರ್ತನ ಚಿತ್ತ ಅವ್ವಮ್ಮ, ಅಂದರು. ಕರ್ತನ ಚಿತ್ತವಂತೆ! ತಮ್ಮ ಅಂಜುಬುರುಕುತನಕ್ಕೆಲ್ಲ ಅವನ ಹೆಸರು ಅಂಟಿಸುತ್ತಾರೆ.

ಸೂಜಿ ಸಾಬವ್ವನ ಸೆರಗಿನಲ್ಲೇ ಇತ್ತು.

ಆಗಸ್ಟ್ ೮

ಇವತ್ತು ವಿನೀತನನ್ನು ಕೇಳಿದೆ, ನಿನಗೆ ನಿಜವಾಗಿ ಏನು ಬೇಕು ಎಂದು. ಮೂವತ್ತೊಂದು ವರ್ಷದಲ್ಲಿ ಕೇಳಿರಲಿಲ್ಲವೇ? ನೆನಪಿಲ್ಲ.

"ಮದುವಿ ನಿಲ್ಲಸ್ರಿ ಅಂತ ಪಾಸ್ಟರಿಗೆ ಎರಡು ಸಲ ಹೇಳೀನಿ ಅಕ್ಕಾ. ಪ್ರಾರ್ಥನಾ ಮಾಡು ಅಂತಾರ. ಆ ಹುಡುಗಿಗೆ ಹೇಳೋಣು ಅಂದ್ರ ಫೋನು ಅವರ ಮಾವ ತಗೋತಾನ. ನಾ ಯಾರನ್ನರೆ ಕಟ್ಟಿಕೊಂಡು ಸಾಯ್ತೀನಿ, ಅದಲ್ಲ. ಆಕಿ ಏನ ಮಾಡ್ಯಾಳ ಪಾಪ?"

"ಅವಧೂತ?"

"ಅಂವ ಏನೂ ಅನ್ನೂದಿಲ್ಲ. ಮದುವಿ ದಿನ ಹಾರ್ಮೋನಿಯಮ್ ಯಾರು ಬಾರಸ್ತಾರ ಅಂತ ಕೇಳಿದ, ಅಷ್ಟ."

ಬ್ಲೌಸಿಗೆ ಹುಕ್ಕು ಹಚ್ಚಿ ಮುಗಿಸಿದೆ. ಎಡತೋಳು ಒಂದೂವರೆ ಇಂಚು ಉದ್ದ. ನಾಳೆಯದನ್ನು ಯೋಚಿಸಿದರೆ ಭೇದಿ ಆಗುತ್ತಿದೆ.

ಆಗಸ್ಟ್ ೯, ರವಿವಾರ

ಅಕ್ಷರ ಸೊಟ್ಟ ಬಂದರೆ ಬರಲಿ, ಲಾಲಪ್ಪ ಇಲ್ಲಿ ನೋಡುವುದಿಲ್ಲ.

ಇವತ್ತು ಎಲ್ಲರೂ ಬಾಯಿ ಕಟ್ಟಿಕೊಂಡು ಬಂದಿದ್ದರು. ಅರ್ಧ ಜನರದು ನಾನೇ ಹೊಲಿದ ಮಾಸ್ಕು. ಉಳಿದವರದು ಕರವಸ್ತ್ರ, ಸೆರಗು, ಲಾಲಪ್ಪನದು ಮಫ್ಲರು. ಬೆಂಚಿನಲ್ಲಿ ಬಿಟ್ಟು ಬಿಟ್ಟು ಕೂತಿದ್ದರು. ಪಾಸ್ಟರ್ ಮೈಕಿಗೂ ಒಂದು ಬಟ್ಟೆ ಸುತ್ತಿದ್ದರು. ಮೂರನೆಯ ಸಲ ಓದಿದರು. ಯಾರಿಗಾದರೂ ತಿಳಿದಿದ್ದರೆ. ಈಗಲೇ. ಕಣ್ಣು ಮತ್ತೆ ಫ್ಯಾನಿಗೆ ಹೋಯಿತು.

ಎದ್ದು ನಿಂತೆನೋ, ಕಾಲೇ ಎತ್ತಿತೋ. ಮಾಸ್ಕಿನ ದಾರ ಕಿವಿಗೆ ಸಿಕ್ಕಿಕೊಂಡಿತು, ನಾನೇ ಬಿಗಿಯಾಗಿ ಹೊಲಿದದ್ದು. ಎಳೆದು ತೆಗೆದೆ.

"ಅಡ್ಡಿ ಅದರಿ."

ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದವು. ಬರೀ ಕಣ್ಣು.

"ಏನು ಸಿಸ್ಟರ್?" ಎಂದರು ಪಾಸ್ಟರ್. "ಏನು ಅಡ್ಡಿ?"

"ನಿಮಗ ಗೊತ್ತದರಿ. ಒಂದು ತಿಂಗಳಿಂದ ಗೊತ್ತದ. ನೀವೇ ಹೇಳ್ರಿ."

ಲಾಲಪ್ಪ ಮಫ್ಲರಿನೊಳಗಿಂದ, "ತಮ್ಮನ ಜ್ವರ ಈಕಿ ತಲಿಗೇರ್ಯದ, ಕೂಡಸ್ರಿ ಯಾರರೆ" ಎಂದ. ಯಾರೂ ನನ್ನನ್ನು ಮುಟ್ಟಲು ಬರಲಿಲ್ಲ. ಹಂದಿಜ್ವರದಿಂದ ಮೊದಲ ಸಲ ಉಪಕಾರವಾಯಿತು ಅಂದುಕೊಂಡೆ.

"ನೀವು ಹೇಳೂದಿಲ್ಲ ಅಂದ್ರ ಬ್ಯಾಡ. ಅಡ್ಡಿ ಇಲ್ಲ ಅಂತ ಹೇಳ್ರಿ. ಈ ವೇದಿಕಿ ಮ್ಯಾಲೆ ನಿಂತು, ನನಗ ಯಾವ ಅಡ್ಡಿನೂ ಗೊತ್ತಿಲ್ಲ ಅಂತ ಒಂದು ಮಾತು ಹೇಳಿಬಿಡ್ರಿ. ನಾ ಕೂಡತೀನಿ."

ಪಾಸ್ಟರ ಬಾಯಿ ತೆರೆಯಿತು, ಮುಚ್ಚಿತು. ಸೊದೋಮಿಗೆ ಬೆಂಕಿ ಸುರಿಸಿದ ಬಾಯಿ. ಸುಳ್ಳು ಹೇಳುವ ಧೈರ್ಯವೂ ಇಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಈ ಪ್ರಕಟಣೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಕೀರ್ತನೆ ಹಾಡೋಣ" ಎಂದರು.

ಹಾರ್ಮೋನಿಯಮ್ ಬರಲಿಲ್ಲ. ವಿನೀತ ಎದ್ದು ನನ್ನ ಬೆಂಚಿಗೆ ಬಂದು ನನ್ನ ಪಕ್ಕದಲ್ಲಿ ಕೂತಿದ್ದ. ಎಂಬತ್ತು ಜನ ಶ್ರುತಿಯಿಲ್ಲದೆ ಹಾಡಿದರು. ಅವರಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ.

ಈಗ ಯಾರು ಬ್ಲೌಸು ಹೊಲಿಯಲು ಕೊಡುತ್ತಾರೆ? ಬೆಟಗೇರಿಯವರು ಪೊಲೀಸಿಗೆ ಹೋದರೆ?

ಆಗಸ್ಟ್ ೧೨

ನೀಲಿಮಾ ತಾನೇ ಫೋನ್ ಮಾಡಿದಳು, ಬಾಲವಾಡಿಯ ಎದುರಿನ ಅಂಗಡಿಯಿಂದ. ವಿನೀತ ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋಗಿ ಎಲ್ಲ ಹೇಳಿದ. ಹತ್ತು ನಿಮಿಷ. ಆಮೇಲೆ ನನಗೆ ಕೊಟ್ಟ.

"ತಪ್ಪು ನಂದವಾ," ಎಂದೆ. "ಅವನದಲ್ಲ. ನಾ ಗೊತ್ತಿದ್ದೂ ನಿನ್ನ ಹುಡುಕೀನಿ. ಬಡವರು, ಕೇಳೂದಿಲ್ಲ ಅಂತ ಹುಡುಕೀನಿ."

ಬೈದರೆ ಬೈಯಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

"ಬ್ಲೌಸ್ ಹೊಲದೀರೇನ್ರಿ?"

"ಹೊಲದೀನಿ."

"ಹಂಗಾರ ಕಳಸ್ರಿ. ಕ್ರಿಸ್ಮಸ್ಸಿಗೆ ಹಾಕ್ಕೋತೀನಿ. ನಿಮ್ಮ ಮಾರಿ ನೋಡೂದು ಮಾತ್ರ ನನಗ ಬ್ಯಾಡ್ರಿ." ಇಟ್ಟುಬಿಟ್ಟಳು.

ಸರಿಯಾಗಿ ಹೇಳಿದಳು.

ಆಗಸ್ಟ್ ೧೬, ರವಿವಾರ

ಹಾರ್ಮೋನಿಯಮ್ಮಿಗೆ ಬೇರೆ ವ್ಯವಸ್ಥೆ ಮಾಡಲಾಗಿದೆ ಎಂದು ಲಾಲಪ್ಪನ ಪತ್ರ ನಿನ್ನೆಯೇ ಬಂದಿದೆ. ಕೆಳಗೆ ಹನ್ನೊಂದು ಸಹಿ. ಪಾಸ್ಟರದು ಕೊನೆಗೆ, ಇರುವೆಗಿಂತ ಸಣ್ಣದು. ನಾನು ಆರಾಧನೆಗೆ ಹೋದೆ. ಕರ್ತನು ಇವರ ಬಾಡಿಗೆಯವನಲ್ಲ. ಲಾಲಪ್ಪನಿಗೆ ಹೇಳಿದೆ, ಆ ವಿರೋಧದ ಮನವಿಯಿಂದ ನನ್ನ ಸಹಿ ಹೊಡೆದು ಹಾಕ್ರಿ ಎಂದು. ಅದು ದೆಹಲಿಗೆ ಹೋಗಿ ಆಯಿತು ಎಂದ. ಹಾಗಾದರೆ ದೆಹಲಿಗೆ ಇನ್ನೊಂದು ಕಾಗದ ಬರೀರಿ, ನಿಮಗೇನು ಬೇರೆ ಕೆಲಸ ಅದ, ಎಂದೆ. ಸಾಬವ್ವ ಸೆರಗಿನೊಳಗೆ ಕಿಸಕ್ಕನೆ ನಕ್ಕಳು.

ಮಧ್ಯಾಹ್ನ ಅವಧೂತ ಊಟಕ್ಕೆ ಬಂದ. ಇವನಿಗೆ ಈ ಪ್ರಕಟಣೆಯ ಪದ್ಧತಿಯೇ ದೊಡ್ಡ ಸೋಜಿಗ.

"ಮೂರು ರವಿವಾರ ಕೇಳ್ತಾರ? ಖರೆ? ಅಕ್ಕಾ, ನಮ್ಮ ಇಬ್ಬರದು ಓದಿ ಕೇಳಿದ್ರ?"

"ಇಡೀ ಸಭಾ ಎದ್ದು ನಿಂದರ್ತದ. ಕೂತಾಕಿ ನಾ ಒಬ್ಬಾಕಿನ," ಎಂದೆ. ಅವನು ನಗುತ್ತಾನೆ ಅಂದುಕೊಂಡೆ. ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಕೂತ. ಉಪ್ಪು ಹೆಚ್ಚಾಗಿತ್ತೋ ಏನೋ, ಕಣ್ಣಲ್ಲಿ ನೀರಿತ್ತು. ವಿನೀತ ಕರವಸ್ತ್ರಕ್ಕೆ ಜೇಬು ತಡಕಾಡಿದ. ನಾನು ಹೊಲಿದು ಉಳಿದ ಮಾಸ್ಕಿನ ಬಟ್ಟೆ ಎಸೆದೆ.

ಆಮೇಲೆ ಚಹಾ. ಅವನ ಕಪ್ಪು ತೆಗೆಯೋಣವೆಂದು ನೋಡಿದರೆ ಡಬ್ಬಿಯ ಹಿಂದೆ ಇಲ್ಲ. ಜ್ವರದ ಗಡಿಬಿಡಿಯಲ್ಲಿ ಉಳಿದವುಗಳ ಜೊತೆ ತೊಳೆದು ಇಟ್ಟುಬಿಟ್ಟಿದ್ದೇನೆ. ಆರನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ, ಮೂಸಿ ನೋಡಿದೆ. ಯಾವುದು ಅದು ಎಂದು ಗುರುತೇ ಹತ್ತಲಿಲ್ಲ. ನಲವತ್ಮೂರಕ್ಕೇ ಇಷ್ಟು ಮರೆವು ಬಂದರೆ ಮುಂದೆ ಹೇಗೆ?